ಕಿಸೆಗೋವಿಯ ಗುರುತು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಫೋರ್ಡ್ ಎಂಬವನ ಹೆಸರಿನ ಹಳೆಯ ನಾಟಕಶಾಲೆಯೊಂದುಂಟು. ಅದರ ನೆಲಮಾಳಿಗೆಯ ವಸ್ತುಸಂಗ್ರಹದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಂದು ಪುಟ್ಟ ಕೈಗೋವಿಯನ್ನು ಇರಿಸಿದ್ದಾರೆ. ತುದಿಯಿಂದ ತುದಿಗೆ ಅಳೆದರೆ ಆರು ಅಂಗುಲಕ್ಕೆ ಸ್ವಲ್ಪ ಕಡಿಮೆ. ತೂಗಿದರೆ ಇಪ್ಪತ್ತು ತೊಲಕ್ಕೆ ಮೀರದು. ಒಂದೇ ನಳಿಗೆ, ಒಂದೇ ಗುಂಡು. ನಶ್ಯದ ಡಬ್ಬಿಯಿರುವ ಕಿಸೆಯಲ್ಲಿ ಅದರ ಪಕ್ಕಕ್ಕೆ ಇದನ್ನೂ ಇಟ್ಟುಕೊಂಡು ಸಭೆಗೆ ಹೋದರೆ ಎದುರಿಗೆ ಕುಳಿತವನಿಗೆ ಸಂಶಯವೇ ಹುಟ್ಟಲಾರದು. ೧೮೬೫ನೆಯ ಇಸವಿ ಏಪ್ರಿಲ್ ೧೪ನೆಯ ತಾರೀಖು ಶುಕ್ರವಾರ ರಾತ್ರಿ, ಅದೇ ನಾಟಕಶಾಲೆಯಲ್ಲಿ ಹಾಸ್ಯನಾಟಕವೊಂದನ್ನು ನೋಡುತ್ತ ಕುಳಿತಿದ್ದ ಅಧ್ಯಕ್ಷ ಅಬ್ರಹಾಂ ಲಿಂಕನ್ನನ ತಲೆಗೆ ಹಿಂದಿನಿಂದ ಗುಂಡು ಹೊಡೆದು, ಜಾನ್ ವಿಲ್ಕ್ಸ್ ಬೂತ್ ಎಂಬ ನಟನು ಕೆಳಕ್ಕೆ ಎಸೆದು ಓಡಿದ ಕೋವಿ ಅದು. ಆ ಗೊಂದಲದಲ್ಲಿ ಅದರ ಕಡೆಗೆ ಯಾರ ದೃಷ್ಟಿಯೂ ಬೀಳಲಿಲ್ಲ. ಬೀಗದ ಕೈ ಕಳೆದುಕೊಂಡ ಪ್ರೇಕ್ಷಕನೊಬ್ಬನು ಅದನ್ನು ಹುಡುಕಿಕೊಂಡು ಹಿಂದಿರುಗಿ ಬಂದಾಗ, ಅಧ್ಯಕ್ಷನು ಕುಳಿತಿದ್ದ ಕೋಣೆಯ ನೆಲದಲ್ಲಿ ಕಾಲಿಗೆ ಎಡವಿದ್ದು ಈ ವಸ್ತು.

ಅದರ ಕೀಲಿನ ತಗಡಿನ ಮೇಲೆ ಎರಡು ಸಾಲಿನ ಮುದ್ರೆಯಿದೆ: ಮೇಲೆ ‘ಡೆರಿಂಜರ್’, ಕೆಳಗೆ ‘ಫಿಲಡೆಲ್‌’ ಎಂದು ಮೊಟಕುಮಾಡಿ ಅದರ ನೆತ್ತಿಗೊಂದು ಚಿಕ್ಕ ‘ಎ’ ಅಕ್ಷರ. ಫಿಲಡೆಲ್ಫಿಯಾ ಎಂಬ ಊರಿನ ಹೆಸರು ಅಷ್ಟು ಕಿರಿದಾದ ಜಾಗದಲ್ಲಿ ಹಿಡಿಸಲಿಲ್ಲವೆಂದು ಕಾಣುತ್ತದೆ.

ಹೆನ್ರಿ ಡೆರಿಂಜರ್ ಹುಟ್ಟಿದ್ದು ೧೭೮೬ರಲ್ಲಿ, ಪೆನ್ಸಿಲ್ವೇನಿಯಾ ಪ್ರಾಂತದ ಈಸ್ಟನ್ ಎಂಬಲ್ಲಿ. ತಂದೆಯ ಹೆಸರೂ ಹೆನ್ರಿಯೇ; ಜರ್ಮನಿಯಿಂದ ವಲಸೆ ಬಂದ ಕೋವಿಗೆಲಸದವನು. ಮಗನು ರಿಚ್‌ಮಂಡ್ ನಗರದಲ್ಲಿ ಕೆಲಸ ಕಲಿತು, ೧೮೦೬ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ನೆಲೆಸಿ, ಅಲ್ಲಿಯೇ ಅರವತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದು, ೧೮೬೮ರಲ್ಲಿ ತೀರಿಕೊಂಡನು. ಈ ಅರವತ್ತು ವರ್ಷಗಳ ಬಹುಭಾಗ ಅವನು ಮಾಡಿದ್ದು ಕಿಸೆಗೋವಿಯನ್ನಲ್ಲ. ಸರ್ಕಾರದ ಸೇನೆಗೆ ಉದ್ದ ಕೋವಿಗಳನ್ನು. ಪೂರ್ವದ ಕಾಡುಗಳಿಂದ ಪಶ್ಚಿಮಕ್ಕೆ ಅಟ್ಟಲ್ಪಟ್ಟ ಮೂಲನಿವಾಸಿ ಜನರಿಗೆ, ಅವರ ನೆಲದ ಬದಲಿಗೆ ಕೊಡಬೇಕೆಂದು ಒಡಂಬಡಿಕೆಗಳಲ್ಲಿ ಬರೆದಿದ್ದ ಬಂದೂಕುಗಳಲ್ಲಿ ಅನೇಕವು ಇವನ ಕಾರ್ಖಾನೆಯವೇ. ಕಿಸೆಗೋವಿ ಮುಪ್ಪಿನ ಕಾಲದ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ, ೧೮೪೯ರಿಂದ ಜನ ಮುಗಿಬಿದ್ದು ಅಲ್ಲಿಗೆ ಓಡಿದಾಗ, ಪರಸ್ಪರ ನಂಬಿಕೆಯಿಲ್ಲದ ಆ ಊರುಗಳಲ್ಲಿ ಕಿಸೆಗೊಂದು ಕೋವಿ ಬೇಕಾಯಿತು. ಮುದುಕನ ಹೆಸರು ಆಗ ಹಬ್ಬಿತು. ಸುಮಾರು ೧೫,೦೦೦ ಕೋವಿಗಳನ್ನು ಮಾಡಿರಬಹುದೆಂದು ಬಲ್ಲವರ ಅಂದಾಜು. ಆದರೆ ಈ ಮಾದರಿಗೆ ಅವನು ಪೇಟೆಂಟ್ ಪಡೆಯಲಿಲ್ಲ.

ಕೋವಿಯ ರಚನೆಯನ್ನು ಸ್ವಲ್ಪ ತಿಳಿದುಕೊಂಡಲ್ಲದೆ ಅದರ ಸೊಗಸೂ ತಿಳಿಯದು, ಕಪಟವೂ ತಿಳಿಯದು. ಕರಿಮದ್ದು ಎಂಬುದು ಪೆಟ್ಲುಪ್ಪು ನೂರಕ್ಕೆ ೭೫ ಪಾಲು, ಇದ್ದಲು ೧೫, ಗಂಧಕ ೧೦ ಸೇರಿದ ಪುಡಿ. (ಶುಕ್ರನೀತಿಯಲ್ಲಿ ಅಗ್ನಿಚೂರ್ಣದ ಪಾಕ ಹೇಳಿದೆಯಾದುದರಿಂದ ಪ್ರಾಚೀನ ಋಷಿಗಳು ಕೋವಿ ಹಾರಿಸುತ್ತಿದ್ದರೆಂದು ವಾದಿಸುವವರುಂಟು. ಆ ಭಾಗ ಬಹಳ ಈಚಿನದೆಂಬುದು ವಿಮರ್ಶಕರ ಮತ. ಋಷಿಗಳ ಗೌರವಕ್ಕೆ ಕೋವಿಯ ಆಸರೆ ಬೇಕಾಗಿಯೂ ಇಲ್ಲ.) ಹತ್ತು ಗುಲಗಂಜಿ ತೂಕದಷ್ಟು ಈ ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಬಟ್ಟೆಯ ತುಣುಕಿನಲ್ಲಿ ಸುತ್ತಿದ ಸೀಸದ ಗುಂಡನ್ನು ಗಜದ ಕಡ್ಡಿಯಿಂದ ಒತ್ತಿ ಮದ್ದಿನ ಮೇಲೆ ಕೂರಿಸಬೇಕು. ನಳಿಗೆಯ ಬುಡದಲ್ಲಿ ಒಂದು ಸಣ್ಣ ಕೊಳವೆಯಿದೆ. ಅದರ ತಲೆಗೆ ತಾಮ್ರದ ಕೇಪನ್ನು ತೊಡಿಸಬೇಕು. ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಇದು ಹೊಸದಲ್ಲ. ಹಿಂದಕ್ಕೆಳೆದ ಕುದುರೆ ಬಿಡುಗಡೆಯಾಗಿ ಕೇಪಿನ ಮೇಲೆ ಬಡಿದಾಗ, ಕೇಪಿನೊಳಗಿನ ಸಿಡಿಮದ್ದು ಕಿಡಿಯುಗುಳಿ, ಕಿಡಿ ಕೊಳವೆಯ ಮೂಲಕ ಒಳಕ್ಕೆ ಹೋಗಿ, ಗುಂಡು ಹೊರಕ್ಕೆ ಹಾರುವುದು.

ಈ ಸಿಡಿಮದ್ದಿನ ಉಪಾಯವನ್ನು ಕೋವಿಗೆ ಹೊಂದಿಸಿದವನು ಸೇನಾಪತಿಯಲ್ಲ, ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ, ಅಲೆಕ್ಸಾಂಡರ್ ಫಾರ್ಸೈತ್. ಅವನಿಗೆ ನೀರುಹಕ್ಕಿಗಳ ಬೇಟೆಯ ಹುಚ್ಚು. ಹಳೆಯ ಚಕಮಕಿ ಕೋವಿಯಲ್ಲಿ ಬಟ್ಟಲಿನ ಮದ್ದು ಮೊದಲು ಭಗ್ಗೆಂದು, ಗುಂಡು ಹಾರುವುದು ಆಮೇಲೆ. ಆ ಬೆಳಕನ್ನು ಕಂಡೇ ಹಕ್ಕಿ ಮುಳುಗಿಬಿಡುತ್ತಿತ್ತು. ಹಕ್ಕಿಗೆ ಆ ಅರೆಕ್ಷಣವನ್ನು ಕೊಡಬಾರದೆಂದು ಚಿಂತಿಸಿ ಅವನು ೧೮೦೭ರಲ್ಲಿ ಪೇಟೆಂಟ್ ಪಡೆದನು. ತಾಮ್ರದ ಕೇಪು ಅನಂತರ ಬಂದದ್ದು. ಚಕಮಕಿಯ ಕಲ್ಲೂ ಬಟ್ಟಲೂ ಹೋದುದರಿಂದಲೇ ಕೋವಿ ಕಿಸೆಗೆ ಅಷ್ಟು ಹಿತವಾಗಿ ಇಳಿಯುವಂತಾಯಿತು.

ಇನ್ನು ಗುರುತಿನ ಮಾತು. ತರ್ಕಶಾಸ್ತ್ರದ ಪಾಠಶಾಲೆಯಲ್ಲಿ ಹುಡುಗರಿಗೆ ಮೊದಲು ಹೇಳಿಕೊಡುವುದು ಲಕ್ಷಣದ ಮೂರು ದೋಷಗಳನ್ನು. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗೆ ಉಳಿಯಿತು, ಅದು ಅವ್ಯಾಪ್ತಿ. ಕೋಡುಳ್ಳದ್ದು ಎಂದರೆ ಎಮ್ಮೆಯೂ ಒಳಕ್ಕೆ ಬಂದಿತು; ಅದು ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಯಾವ ಹಸುವೂ ಸಿಕ್ಕದು, ಅದು ಅಸಂಭವ. ಹಳೆಯ ಕೋವಿಗಳನ್ನು ಸಂಗ್ರಹಿಸುವ ರಸಿಕರು ನ್ಯಾಯಶಾಸ್ತ್ರದ ಹೆಸರು ಕೇಳಿರಲಿಕ್ಕಿಲ್ಲ. ಆದರೂ ಡೆರಿಂಜರನ ಕೋವಿಯನ್ನು ಗುರುತಿಸಹೊರಟವರೆಲ್ಲ ಈ ಮೂರು ಗುಂಡಿಗಳಲ್ಲಿಯೂ ಒಂದೊಂದು ಸಲ ಬಿದ್ದು ಎದ್ದವರೇ.

ನಳಿಗೆಯ ರಂಧ್ರ ಅಂಗುಲದ ನೂರರಲ್ಲಿ ೪೧ ಪಾಲು ಇರಬೇಕೆಂಬುದು ಒಂದು ಲಕ್ಷಣ. ಬಹುಪಾಲು ಕೋವಿಗಳಿಗೆ ಅದು ಸರಿ. ಆದರೆ ಬೂತನ ಕೋವಿಯನ್ನೇ ೪೪ ಪಾಲಿನದೆಂದು ದಾಖಲೆಮಾಡಿದ್ದಾರೆ; ಜಗತ್ತಿನಲ್ಲಿ ಎಲ್ಲರಿಗಿಂತ ಪ್ರಸಿದ್ಧವಾದ ಹಸುವೇ ಹೊರಗೆ ಉಳಿಯಿತು. ಅಕ್ರೋಟು ಮರದ ಹಕ್ಕಿಕೊಕ್ಕಿನಂಥ ಹಿಡಿ, ಜರ್ಮನ್ ಸಿಲ್ವರಿನ ಒಡವೆಗೆಲಸ, ಸ್ಪ್ರಿಂಗು ಕುದುರೆಯ ಹಿಂಬದಿಗೆ ಇರುವ ಕೀಲು—ಇವುಗಳನ್ನು ಹೇಳಿದರೆ ಆ ಕಾಲದಲ್ಲಿ ಅವನನ್ನು ಅನುಕರಿಸಿದ ಹತ್ತಾರು ಕೆಲಸಗಾರರ ಕೋವಿಗಳೂ ಒಳಕ್ಕೆ ನುಗ್ಗುತ್ತವೆ. ಎರಡು ನಳಿಗೆ ಒಂದರ ಮೇಲೊಂದು ಇರುವುದೇ ಡೆರಿಂಜರ್ ಎಂದು ಚಲಚ್ಚಿತ್ರ ನೋಡಿದ ಹುಡುಗರು ಖಂಡಿತವಾಗಿ ಹೇಳುತ್ತಾರೆ. ಅದು ಶುದ್ಧ ಅಸಂಭವ. ಡೆರಿಂಜರನ ಕೋವಿಗೆ ಒಂದೇ ನಳಿಗೆ. ಆ ಜೋಡಿನಳಿಗೆಯದು ರೆಮಿಂಗ್ಟನ್ ಕಾರ್ಖಾನೆಯದು. ೧೮೬೬ರಿಂದ ೧೯೩೫ರ ವರೆಗೆ ಮಾಡುತ್ತಿದ್ದರು. ಅದಕ್ಕೆ ಹಾಕುವುದು ಲೋಹದ ತೋಟೆ, ಸುರಿಮದ್ದಲ್ಲ.

ಹಾಗಾದರೆ ಹೆಸರಿನ ಮುದ್ರೆಯೇ ಲಕ್ಷಣವಾಗಲಿ ಎಂದರೆ, ಎಲ್ಲಕ್ಕಿಂತ ಮೊದಲು ಕಳುವಾದದ್ದು ಅದೇ. ಫಿಲಡೆಲ್ಫಿಯಾದಲ್ಲಿ ಸ್ಲಾಟರ್ ಮತ್ತು ಕಂಪೆನಿ ಎಂಬ ಅಂಗಡಿಯೊಂದು ಹುಟ್ಟಿಕೊಂಡಿತು. ಅಲ್ಲಿ ಕೆಲಸಮಾಡುತ್ತಿದ್ದವರು ಡೆರಿಂಜರನ ಬಳಿಯೇ ದುಡಿದು ಹೊರಬಂದವರು. ಅವರು ಅದೇ ಆಕಾರದ ಕೋವಿಗಳನ್ನು ಮಾಡಿ, ಅದೇ ಎರಡು ಸಾಲಿನ ಮುದ್ರೆಯನ್ನೂ ಒತ್ತಿ, ಸ್ಯಾನ್ ಫ್ರಾನ್ಸಿಸ್ಕೋದ ಪ್ಲೇಟ್ ಎಂಬ ವ್ಯಾಪಾರಿಗೆ ಕಳುಹಿಸಿದರು. ಜಾನ್ ಡೆರಿಂಜರ್ ಎಂಬ ದರ್ಜಿಯೊಬ್ಬನ ಕಥೆಯನ್ನೂ ಸಂಗ್ರಾಹಕರು ಹೇಳುತ್ತಾರೆ. ಅವನು ಹೊಲಿಯುತ್ತಿದ್ದದ್ದು ಅಂಗಿ. ಆದರೆ ಹೆಸರು ಒಳ್ಳೆಯದಾಗಿತ್ತು. ಅವನ ಹೆಸರನ್ನು ಎರವಲು ಪಡೆದು ‘ಜೆ. ಡೆರಿಂಜರ್’ ಎಂದು ಒತ್ತಿದ ಕೋವಿಗಳೂ ಪೇಟೆಯಲ್ಲಿ ಓಡಾಡಿದವು. ಕೊಳ್ಳುವವನು ಮೊದಲಕ್ಷರವನ್ನು ಓದುವುದಿಲ್ಲವೆಂಬ ಭರವಸೆ ಅವರಿಗಿತ್ತು.

ವಿಶಾಖದತ್ತನ ಮುದ್ರಾರಾಕ್ಷಸವನ್ನು ಓದಿದವರಿಗೆ ಈ ಸಂದರ್ಭ ಅಪರಿಚಿತವೆನಿಸದು. ರಾಕ್ಷಸನ ಉಂಗುರ ಚಾಣಕ್ಯನ ಕೈಗೆ ಸಿಕ್ಕುವುದು. ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ ಉಪಾಯವಾಗಿ ಕಾಗದ ಬರೆಯಿಸಿ ಅದಕ್ಕೆ ಆ ಉಂಗುರದ ಮುದ್ರೆಯನ್ನು ಒತ್ತುವನು. ಉಂಗುರ ನಿಜವಾದದ್ದು, ಬರೆದ ಕೈ ಆಪ್ತನದು, ಕಾಗದ ಮಾತ್ರ ಸುಳ್ಳು. ಮಲಯಕೇತು ಅದನ್ನು ನೋಡಿ ಕೆಟ್ಟನು. ಸ್ಲಾಟರನ ಕೋವಿಯಲ್ಲಿಯೂ ಕೆಲಸ ಕಲಿತ ಕೈ ಡೆರಿಂಜರನ ಶಿಷ್ಯರದೇ. ಇಂದು ಅಂಥ ಕೋವಿಯೊಂದನ್ನು ಕೈಯಲ್ಲಿ ಹಿಡಿದ ತಜ್ಞನಿಗೂ ಕಷ್ಟವಾಗುವುದು ಈ ಕಾರಣದಿಂದಲೇ. ಆದರೆ ಚಾಣಕ್ಯನಿಗೆ ರಾಜ್ಯದ ಉದ್ದೇಶವೊಂದಿತ್ತು. ಇಲ್ಲಿ ಇದ್ದದ್ದು ಬರಿಯ ಲಾಭ.

ಎಪ್ಪತ್ತಾರು ವಯಸ್ಸು ದಾಟಿದ್ದ ಡೆರಿಂಜರ್ ಸುಮ್ಮನೆ ಕೂರಲಿಲ್ಲ. ಖಂಡದ ಇನ್ನೊಂದು ಕೊನೆಯಲ್ಲಿದ್ದ ಪ್ಲೇಟನ ಮೇಲೆ ವ್ಯಾಜ್ಯ ಹೂಡಿದನು. ಕ್ಯಾಲಿಫೋರ್ನಿಯಾದ ಕಾಯಿದೆಯಂತೆ ಈ ಮುದ್ರೆಯನ್ನು ನೋಂದಾಯಿಸಿಲ್ಲವಲ್ಲ ಎಂಬ ಪ್ರಶ್ನೆ ಎದ್ದಿತು. ಆ ಪ್ರಾಂತದ ಸರ್ವೋಚ್ಚ ನ್ಯಾಯಾಲಯವು ೧೮೬೫ರ ಅಧಿವೇಶನದಲ್ಲಿ ಮುದುಕನ ಹಕ್ಕನ್ನು ಎತ್ತಿಹಿಡಿಯಿತು. ಕೆಲಸಗಾರನು ತನ್ನ ವಸ್ತುವಿಗೆ ಒತ್ತುತ್ತ ಬಂದ ಗುರುತು ಅವನ ಸ್ವತ್ತು. ಆ ಸ್ವತ್ತು ನೋಂದಣಿಯಿಂದ ಹುಟ್ಟುವುದಲ್ಲ, ರೂಢಿಯ ನ್ಯಾಯದಿಂದಲೇ ಅವನಿಗೆ ಸಲ್ಲುವುದು ಎಂಬುದು ಅದರ ತಾತ್ಪರ್ಯ. ವ್ಯಾಪಾರಮುದ್ರೆಗಳ ವಿಚಾರದಲ್ಲಿ ಅಮೆರಿಕಾದ ವಕೀಲರು ಆ ತೀರ್ಪನ್ನು ಬಹುಕಾಲ ಉದಾಹರಿಸಿದರು. ಸೋಜಿಗವೆಂದರೆ, ನ್ಯಾಯಾಲಯವು ಹೆಸರನ್ನು ಒಡೆಯನಿಗೆ ಮರಳಿಸಿದ ವರ್ಷವೇ ಲೋಕ ಅದನ್ನು ಅವನಿಂದ ಕಿತ್ತುಕೊಂಡದ್ದು. ಲಿಂಕನ್ನನ ಕೊಲೆಯ ಸುದ್ದಿಯೊಡನೆ ಹೆಸರು ಮನೆಮನೆಗೂ ಹೋಯಿತು. ಇಂಗ್ಲಿಷಿನಲ್ಲಿ ಒಂದು ರಕಾರದ ಜಾಗದಲ್ಲಿ ಎರಡು ರಕಾರ ಸೇರಿ, ಯಾರು ಮಾಡಿದರೂ ಚಿಕ್ಕ ಕಿಸೆಗೋವಿಗೆಲ್ಲ ಅದೇ ಸಾಮಾನ್ಯನಾಮವಾಯಿತು. ಆದುದರಿಂದ ಸಂಗ್ರಾಹಕರಲ್ಲಿ ಒಂದು ಸಂಪ್ರದಾಯವಿದೆ: ಒಂದು ರಕಾರವೆಂದರೆ ಆ ಮನುಷ್ಯನ ಕೈಯದು, ಎರಡಾದರೆ ಮಿಕ್ಕವರದು.

ಹೆಸರನ್ನು ಬದಿಗಿಟ್ಟು ವಸ್ತುವನ್ನು ನೋಡಬೇಕು. ಅಸಲಿನ ನಳಿಗೆ ಕಬ್ಬಿಣದ್ದು; ಒಳಗೆ ಸುರುಳಿಯಾಗಿ ಏಳು ಗೀರುಗಳು. ಬುಡದಲ್ಲಿ ಹೆಸರು ಇನ್ನೊಮ್ಮೆ, ಪಕ್ಕದಲ್ಲಿ ಪರೀಕ್ಷೆಯ ಗುರುತಾದ ‘ಪಿ’ ಅಕ್ಷರ. ಪಶ್ಚಿಮಕ್ಕೆ ಮಾರಾಟವಾದ ಕೆಲವುಗಳಲ್ಲಿ ನಳಿಗೆಯ ಬೆನ್ನಿನ ಮೇಲೆ ಏಜೆಂಟರ ಹೆಸರೂ ಉಂಟು. ಕೀಲಿನ ತಗಡಿನ ಬಳ್ಳಿಗೆತ್ತನೆ ಕೈಯುಳಿಯದು: ಒಂದು ಗೆರೆ ಆಳ, ಒಂದು ತೆಳು, ತಿರುವಿನಲ್ಲಿ ಉಳಿ ಸ್ವಲ್ಪ ಜಾರಿದ ಗುರುತು. ನಳಿಗೆಗೆ ಡಮಾಸ್ಕಸ್ ಉಕ್ಕಿನ ಪಟ್ಟೆಗಳಂತೆ ತೋರುವ ಕಂದು ಬಣ್ಣವನ್ನು ಹಾಕುತ್ತಿದ್ದರು. ಅದು ನಿಜವಾದ ಡಮಾಸ್ಕಸ್ ಕೆಲಸವಲ್ಲ, ಹೊರಮೈಯ ವೇಷ. ತನ್ನನ್ನು ಅನುಕರಿಸಿದವರ ಮೇಲೆ ವ್ಯಾಜ್ಯ ಹೂಡಿದ ಡೆರಿಂಜರನೂ ಈ ಮಟ್ಟಿಗೆ ಅನುಕರಣದ ಪಾಪದಿಂದ ಪೂರ್ತಿ ಮುಕ್ತನಲ್ಲ. ಡಮಾಸ್ಕಸ್ಸಿನ ಕತ್ತಿಗಳಿಗೆ ದಕ್ಷಿಣ ಭಾರತದಿಂದ ಹೋಗುತ್ತಿದ್ದ ಉಕ್ಕನ್ನು ಆಂಗ್ಲರು ‘ವೂಟ್ಜ್’ ಎಂದು ಕರೆದರು. ಕನ್ನಡದ ‘ಉಕ್ಕು’ ಎಂಬ ಮಾತೇ ಯಾವನೋ ಬರೆಯುವವನ ಕೈಯಲ್ಲಿ ಕೆಟ್ಟು ಹಾಗಾಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅಕ್ಷರ ತಪ್ಪಿ ಹೆಸರು ಲೋಕವನ್ನು ಸುತ್ತಿದ್ದು ಡೆರಿಂಜರನದೊಂದೇ ಅಲ್ಲ.

ಇಂಗ್ಲೆಂಡಿನ ಕಿಸೆಗೋವಿಗಳ ಜಾತಿ ಬೇರೆ. ಅವುಗಳಲ್ಲಿ ಅನೇಕಕ್ಕೆ ನಳಿಗೆಯೇ ತಿರುಪಿನಂತೆ ಬಿಚ್ಚಿಬರುವುದು. ನಳಿಗೆಯನ್ನು ತಿರುಗಿಸಿ ತೆಗೆದು, ಬುಡದ ಗುಳಿಯಲ್ಲಿ ಮದ್ದು ತುಂಬಿ, ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪನಾದ ಗುಂಡನ್ನು ಮೇಲಿಟ್ಟು, ನಳಿಗೆಯನ್ನು ಮತ್ತೆ ಬಿಗಿಯುವುದು. ಗುಂಡು ಹಿಂಡಿಕೊಂಡು ಹೊರಡುವುದರಿಂದ ಹೊಗೆ ಪಕ್ಕಕ್ಕೆ ಸೋರಿಹೋಗದೆ ಹೊಡೆತ ಬಿರುಸಾಗುವುದು. ಬೆರಳಿನಿಂದ ಎಳೆಯುವ ಕೊಕ್ಕೆ ಕೂಡ ಕೆಲವುಗಳಲ್ಲಿ ಮಡಿಸಿಕೊಂಡಿದ್ದು, ಕುದುರೆಯನ್ನು ಹಿಂದಕ್ಕೆಳೆದಾಗ ಮಾತ್ರ ಕೆಳಗೆ ಇಳಿಯುವುದು. ಚಳಿಗಾಲದಲ್ಲಿ ಸ್ತ್ರೀಯರು ಎರಡು ಕೈಗಳನ್ನೂ ತೂರಿಸಿಕೊಳ್ಳುವ ತುಪ್ಪಳದ ಚೀಲದೊಳಗೆ ಇಂಥವು ಇರುತ್ತಿದ್ದುವೆಂದು ಅವಕ್ಕೆ ಆ ಚೀಲದ ಹೆಸರೇ ಬಂದಿದೆ. ಇವುಗಳ ಪ್ರಮಾಣಪತ್ರ ನಳಿಗೆಯ ಅಡಿಯಲ್ಲಿದೆ. ಲಂಡನ್ನಿನ ಪರೀಕ್ಷಾಶಾಲೆಯದಾದರೆ ಕಿರೀಟದ ಕೆಳಗೆ ‘ವಿ’, ಇನ್ನೊಂದು ಕಿರೀಟದ ಕೆಳಗೆ ‘ಜಿಪಿ’. ಬರ್ಮಿಂಗ್‌ಹ್ಯಾಮ್ ಪರೀಕ್ಷಾಶಾಲೆ ೧೮೧೩ರಲ್ಲಿ ಶಾಸನದಿಂದ ಹುಟ್ಟಿದುದರಿಂದ, ಅದರ ಮುದ್ರೆಯಿರುವ ಕೋವಿಯನ್ನು ಹದಿನೆಂಟನೆಯ ಶತಮಾನದ್ದೆಂದು ಯಾರಾದರೂ ಮಾರಬಂದರೆ ಬಾಗಿಲು ಹಾಕಿಕೊಳ್ಳಬಹುದು. ಬೆಲ್ಜಿಯಂ ದೇಶದ ಲಿಯೇಜ್ ನಗರದ್ದು ಮೊಟ್ಟೆಯಾಕಾರದ ಗೆರೆಯೊಳಗೆ ‘ಇಎಲ್‌ಜಿ’ ಎಂಬ ಮೂರಕ್ಷರ; ಅದರ ನೆತ್ತಿಗೆ ಕಿರೀಟ ಸೇರಿದ್ದು ೧೮೯೩ರಲ್ಲಿ. ಇಂಗ್ಲಿಷ್ ಹೆಸರು ಹೊತ್ತ ಎಷ್ಟೋ ಅಗ್ಗದ ಕೋವಿಗಳ ನಳಿಗೆಯನ್ನು ತಿರುವಿಹಾಕಿದರೆ ಈ ಮೊಟ್ಟೆಯೇ ಕಾಣುವುದು.

ಈಚಿನ ಪ್ರತಿಕೃತಿಗಳನ್ನು ಹೀಗಳೆಯಬೇಕಾದುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಇಟಲಿಯ ಬ್ರೆಸ್ಚಿಯಾ ಪ್ರಾಂತದ ಗಾರ್ಡೋನೆ ಎಂಬ ಊರಿನವರು ಹಳೆಯ ಮಾದರಿಯ ಸುರಿಮದ್ದಿನ ಕೋವಿಗಳನ್ನು ಹೇರಳವಾಗಿ ಮಾಡಿ ಲೋಕಕ್ಕೆಲ್ಲ ಹಂಚಿದ್ದಾರೆ. ಅವರ ನಳಿಗೆಯ ಮೇಲೆ ನಕ್ಷತ್ರದ ಕೆಳಗೆ ‘ಪಿಎನ್’ ಎಂದಿರುತ್ತದೆ. ಅದು ಆ ಭಾಷೆಯಲ್ಲಿ ಕರಿಮದ್ದು ಎಂಬುದರ ಸಂಕ್ಷೇಪ. ಪಕ್ಕದ ಪುಟ್ಟ ಚೌಕದಲ್ಲಿ ವರ್ಷದ ಸಂಕೇತ. ಮಾಡಿದವನು ತಾನೇ ಸತ್ಯ ಹೇಳಿದ್ದಾನೆ. ದುರುಳರು ಆ ಗುರುತುಗಳನ್ನು ಅರದಿಂದ ಉಜ್ಜಿ, ಆಮ್ಲದಲ್ಲಿ ಅದ್ದಿ ತುಕ್ಕು ಬರಿಸಿ, ಹಳೆಯದೆಂದು ಮಾರುತ್ತಾರೆ. ಆದರೆ ನೂರೈವತ್ತು ವರ್ಷ ಬಳಕೆಯಲ್ಲಿ ಸವೆದ ವಸ್ತು ಕೈ ತಾಗುವಲ್ಲಿ ಮಾತ್ರ ಸವೆದಿರುತ್ತದೆ. ಕುದುರೆಯ ಬೆನ್ನು, ಹಿಡಿಯ ಉಬ್ಬು, ಕಿಸೆಯ ಬಟ್ಟೆ ಉಜ್ಜಿದ ಬಾಯಿ. ಸಂದಿಯೊಳಗೆ ಹಳೆಯ ಬಣ್ಣ ಉಳಿದಿರುತ್ತದೆ. ಆಮ್ಲಕ್ಕೆ ಈ ವಿವೇಕವಿಲ್ಲ. ಅದು ಎಲ್ಲೆಡೆಯೂ ಸಮನಾಗಿ ತಿನ್ನುತ್ತದೆ. ಒಳಗಿನ ತಿರುಪುಗಳೂ ಮಾತಾಡುತ್ತವೆ: ಹಳೆಯವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ, ಒಂದರ ಗುಳಿಗೆ ಮತ್ತೊಂದು ಕೂರುವುದಿಲ್ಲ.

ಮನೆಯ ಅಟ್ಟದಲ್ಲಿ ಇಂಥದೇನಾದರೂ ದೊರೆತವರು ಮೊದಲು ಮಾಡಬೇಕಾದುದು ಮೆರುಗು ಕೊಡುವುದಲ್ಲ. ತೆಳುವಾದ ಮರದ ಕಡ್ಡಿಯನ್ನು ನಳಿಗೆಯೊಳಕ್ಕೆ ಬಿಟ್ಟು ಎಲ್ಲಿಗೆ ನಿಂತಿತೆಂದು ಗುರುತುಮಾಡಿ, ಹೊರಗೆ ಹಿಡಿದು ನೋಡಬೇಕು; ಕಡ್ಡಿ ಬುಡದವರೆಗೆ ಮುಟ್ಟದಿದ್ದರೆ ಅಜ್ಜನು ತುಂಬಿಟ್ಟ ಮದ್ದು ಇನ್ನೂ ಒಳಗಿರಬಹುದು. ಭಾರತದ ೧೯೫೯ರ ಆಯುಧ ಶಾಸನವು, ಪುರಾತನವಾದ ಕೋವಿಯಾದರೂ ದುರಸ್ತಿಮಾಡಿದರೂ ಹಾರಲಾರದ ಸ್ಥಿತಿಯಲ್ಲಿದ್ದರೆ ಮಾತ್ರ ಅದನ್ನು ಲೈಸೆನ್ಸಿನಿಂದ ಬಿಟ್ಟಿದೆಯೆಂಬುದನ್ನೂ ನೆನಪಿಡಬೇಕು.

ಡೆರಿಂಜರ್ ಕೋವಿಗಳನ್ನು ಜೋಡಿಯಾಗಿ ಮಾರುತ್ತಿದ್ದುದು ವಾಡಿಕೆ. ಒಂದು ಕೋವಿಗೆ ಒಂದೇ ಗುಂಡು. ಕೇಪು ತೇವವಾಗಿ ಕೈಕೊಟ್ಟರೆ ಎರಡನೆಯದು ಬೇಕಲ್ಲವೆ? ಬೂತನು ನಾಟಕಶಾಲೆಗೆ ಒಂದನ್ನೇ ತಂದಿದ್ದನು. ಮುಂದಿನ ಕೆಲಸಕ್ಕೆ ಚೂರಿಯನ್ನು ನೆಚ್ಚಿದ್ದನು. ಆ ಒಂದು ಕೇಪು ಹುಸಿಹೋಗಿದ್ದರೆ ಎಂಬ ಯೋಚನೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರಿಗೆ ಬಾರದೆ ಇರದು. ಡೆರಿಂಜರನ ಕೆಲಸ ಅಷ್ಟು ನಂಬಿಕೆಯದಾಗಿತ್ತು ಎಂಬುದೇ ಅಲ್ಲಿ ವಿಷಾದದ ಸಂಗತಿ.

ಆ ಕೋವಿಯೂ ಸಂಶಯದಿಂದ ತಪ್ಪಿಸಿಕೊಳ್ಳಲಿಲ್ಲ. ೧೯೬೦ರ ದಶಕದಲ್ಲಿ ಕಳ್ಳರು ಅಸಲನ್ನು ಒಯ್ದು ಪ್ರತಿಕೃತಿಯೊಂದನ್ನು ಅದರ ಸ್ಥಾನದಲ್ಲಿ ಇಟ್ಟಿದ್ದಾರೆಂಬ ಮಾತು ಹುಟ್ಟಿತು. ೧೯೯೭ರಲ್ಲಿ ಅಮೆರಿಕಾದ ಫೆಡರಲ್ ತನಿಖಾ ಸಂಸ್ಥೆಯ ಪ್ರಯೋಗಶಾಲೆಯವರು ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಹಳೆಯ ಭಾವಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಪರೀಕ್ಷಿಸಿದರು. ಹೆಸರಿನ ಮುದ್ರೆಯನ್ನು ಅವರು ಪ್ರಮಾಣವಾಗಿ ಹಿಡಿಯಲಿಲ್ಲ. ಪ್ರತಿಕೃತಿ ಮಾಡುವವನು ಮೊದಲು ಒತ್ತುವುದೇ ಅದನ್ನು. ಅವರು ನೋಡಿದ್ದು ಅಕ್ರೋಟು ಮರದ ಎಳೆ ಸುತ್ತಿಕೊಂಡ ಬಗೆಯನ್ನು, ನಳಿಗೆಯ ಮೇಲಿನ ಸಣ್ಣ ಸಣ್ಣ ಕುಳಿಗಳನ್ನು, ಮರದಲ್ಲಿ ಬಿಟ್ಟಿದ್ದ ಒಂದು ಬಿರುಕನ್ನು. ಮೂರೂ ಚಿತ್ರದಲ್ಲಿದ್ದಂತೆಯೇ ಇದ್ದವು. ಕೋವಿ ಅಸಲೆಂದು ಬರೆದುಕೊಟ್ಟು ಹಿಂದಿರುಗಿಸಿದರು. ಲಿಂಕನ್ನನ ತಲೆಯಿಂದ ತೆಗೆದ ಸೀಸದ ಗುಂಡು ಬೇರೊಂದು ವೈದ್ಯ ವಸ್ತುಸಂಗ್ರಹದಲ್ಲಿದೆ. ಕೋವಿ ಮಾತ್ರ ನಾಟಕಶಾಲೆಯ ನೆಲಮಾಳಿಗೆಯಲ್ಲಿ, ಕೀಲಿನ ತಗಡಿನ ಮೇಲೆ ಒಂದೇ ರಕಾರದ ಹೆಸರಿನೊಡನೆ, ಮೊದಲಿನ ಜಾಗದಲ್ಲಿಯೇ ಇದೆ.